ಸೋಮವಾರದ ಸೊನ್ನೆ

"ಚಪ್ಪಲಿ! ಚಪ್ಪಲಿ ಹೊರಗೆ ಬಿಡ್ರೀ!"

ಒಂದು ಕಾಲು ಹೊಸಿಲ ಒಳಗೆ, ಇನ್ನೊಂದು ಹೊರಗೆ. ಅಶ್ವಿನಿ ಇದ್ದಲ್ಲೇ ನಿಂತುಬಿಟ್ಟಳು.

ಕೂಗಿದವನು ಕಣ್ಣಿಗೆ ಬೀಳಲಿಲ್ಲ. ಮೇಜಿನ ಕೆಳಗಿನಿಂದ ಎರಡು ಬರಿಗಾಲು ಮಾತ್ರ ಚಾಚಿಕೊಂಡಿದ್ದವು. ಸ್ವಲ್ಪ ಹೊತ್ತಿಗೆ ತಲೆಗೂದಲಿಗೆ ಜೇಡರ ಬಲೆ ಮೆತ್ತಿಕೊಂಡು, ಕೈಯಲ್ಲಿ ವೈರು ಹಿಡಿದು ಒಬ್ಬ ಯುವಕ ಎದ್ದು ಬಂದ. ಅವನ ಕಣ್ಣು ಮೊದಲು ಹೋದದ್ದು ಅವಳ ಮುಖಕ್ಕಲ್ಲ, ಕಾಲಿಗೆ. ತೊಗರ್ಸಿಯ ಹೊಲದ ಮಣ್ಣು ಇನ್ನೂ ಚಪ್ಪಲಿಗೆ ಅಂಟಿಕೊಂಡಿತ್ತು.

ಅಶ್ವಿನಿಗೆ ಸಿಟ್ಟು ನೆತ್ತಿಗೇರಿತು. ಕೆಲಸ ಕೇಳಿಕೊಂಡು ಬಂದವಳನ್ನು ಹೀಗಾ ಮಾತಾಡಿಸುವುದು?

"ಒಳಗೆ ಯಾವ ದೇವ್ರನ್ನ ಕೂರ್ಸೀರಿ?" ಎಂದಳು.

"ದೇವ್ರಲ್ಲ... ಕಂಪ್ಯೂಟರ್. ಅದಕ್ಕೆ ಧೂಳು ಆಗಲ್ಲ."

"ಧೂಳು ಆಗದೇ ಇರೋದು ರೈತರ ಕೆಲಸ ಹೆಂಗ್ ಮಾಡುತ್ತೆ?"

ಆ ಯುವಕನೇ ಚನ್ನೇಶ್, ಆಫೀಸಿನ ಎಂಜಿನಿಯರು. ಸಂದರ್ಶನಕ್ಕೆಂದು ಅವನು ತಯಾರು ಮಾಡಿಟ್ಟುಕೊಂಡಿದ್ದ ಪ್ರಶ್ನೆಗಳೆಲ್ಲ ಅಲ್ಲೇ ಮರೆತುಹೋದವು. ಕೊನೆಗೆ ಅವನು ಕೇಳಿದ್ದು ಒಂದೇ, ಯಾವತ್ತಿನಿಂದ ಕೆಲಸಕ್ಕೆ ಬರುತ್ತೀರಿ ಎಂದು.

ಜಗಳದಿಂದ ಶುರುವಾದದ್ದು ಪ್ರೀತಿಯಲ್ಲೇ ಮುಗಿಯುತ್ತದೆ, ನಮಗೆ ಗೊತ್ತಿಲ್ಲವೇ ಎಂದು ನೀವು ನಗುತ್ತಿರಬಹುದು. ನಗಿ, ಪರವಾಗಿಲ್ಲ. ನಡುವೆ ಅಳುವುದೂ ಸ್ವಲ್ಪ ಇದೆ.

ಅದು ತೊಂಬತ್ತಾರನೇ ಇಸವಿ. ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ, ಬೀಜ-ಗೊಬ್ಬರದ ಅಂಗಡಿಯೊಂದರ ಮಹಡಿಯಲ್ಲಿ ಆ ಪುಟ್ಟ ಆಫೀಸು ತೆರೆದಿತ್ತು. ಬೋರ್ಡಿನಲ್ಲಿ ಏನೋ ಉದ್ದನೆಯ ಹೆಸರಿತ್ತು. ಊರಿನವರು ಅದನ್ನೆಲ್ಲ ಓದುವ ಗೋಜಿಗೆ ಹೋಗದೆ 'ಮಳೆ ಆಫೀಸು' ಎಂದು ಕರೆದು ಮುಗಿಸಿದ್ದರು.

ಚನ್ನೇಶ್ ಆನವಟ್ಟಿಯ ಬಟ್ಟೆ ವ್ಯಾಪಾರಿಯ ಮಗ. ಚಿಕ್ಕಂದಿನಿಂದ ಹಾಸ್ಟೆಲ್ಲುಗಳಲ್ಲೇ ಬೆಳೆದು ಎಂಜಿನಿಯರಿಂಗ್ ಓದಿದವನು. ಅಶ್ವಿನಿ ತೊಗರ್ಸಿಯ ರೈತ ಮಹೇಶ್ವರಪ್ಪನವರ ಮಗಳು, ಶಿಕಾರಿಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಳು.

ಕೆಲಸ ಏನೆಂದು ಚನ್ನೇಶ್ ಮೊದಲ ದಿನವೇ ಅವಳಿಗೆ ವಿವರಿಸಿದ. ಕಾರ್ಖಾನೆಗಳ ಹೊಗೆ, ವಾಹನಗಳ ಹೊಗೆ ಸೇರಿ ಭೂಮಿ ಬಿಸಿಯಾಗುತ್ತಿದೆ. ಭೂಮಿ ಬಿಸಿಯಾದರೆ ಸಮುದ್ರವೂ ಬಿಸಿಯಾಗುತ್ತದೆ, ಆಗ ಮೋಡಗಳಿಗೆ ದಾರಿ ತಪ್ಪುತ್ತದೆ. ರೋಹಿಣಿ ಮಳೆಯನ್ನು ನಂಬಿ ಭತ್ತ ಬಿತ್ತುವವರು, ಅದು ಹೇಳದೆ ಕೇಳದೆ ಆರಿದ್ರಕ್ಕೆ ಬಂದರೆ ಏನು ಮಾಡಬೇಕು? ಅದಕ್ಕೇ ಈ ಕಂಪ್ಯೂಟರ್. ಯಾವ ದಿನ ಎಷ್ಟು ಮಳೆ ಬಿತ್ತು, ಯಾವ ದಿನ ಯಾರು ಬಿತ್ತಿದರು, ಯಾರ ಪೈರು ಎದ್ದಿತು, ಯಾರದ್ದು ಕಮರಿತು ಎಂದು ಅದಕ್ಕೆ ತಿಳಿಸುತ್ತಾ ಹೋದರೆ, ಅದು ತಾನಾಗಿಯೇ ಕಲಿತು ಮುಂದೆ ಬಿತ್ತುವ ದಿನ ಹೇಳುತ್ತದೆ. ಇದನ್ನು ಕೃತಕ ಬುದ್ಧಿ ಎನ್ನುತ್ತಾರೆ.

ಅಶ್ವಿನಿ ಮನೆಗೆ ಹೋಗಿ ಇದನ್ನೆಲ್ಲ ಒಪ್ಪಿಸಿದಾಗ, ಅವಳ ತಾಯಿ ರಾಜೇಶ್ವರಮ್ಮ ಬುದ್ಧಿಯಲ್ಲೂ ನಕಲಿ ಬಂತಾ ಎಂದು ಕೆನ್ನೆಗೆ ಕೈ ಹಚ್ಚಿದರು. ಆದರೆ ಮಹೇಶ್ವರಪ್ಪ ನಗಲಿಲ್ಲ. ಹಿಂದಿನ ವರ್ಷ ಅವರು ಹಿರಿಯರ ಲೆಕ್ಕದಂತೆ ಬಿತ್ತಿದ ಭತ್ತ ಮಳೆಯಿಲ್ಲದೆ ಮೊಳಕೆಯಲ್ಲೇ ಸುಟ್ಟುಹೋಗಿತ್ತು. ಮತ್ತೆ ಬಿತ್ತಿದ್ದರು, ಅದನ್ನು ಜಡಿಮಳೆ ಕೊಚ್ಚಿಕೊಂಡು ಹೋಗಿತ್ತು. ಹೋಗವ್ವ, ಏನಾದರೂ ಗೊತ್ತಾದರೆ ಗೊತ್ತಾಗಲಿ ಎಂದು ಅವರೇ ಮಗಳನ್ನು ಬಸ್ಸು ಹತ್ತಿಸಿದರು.

ಬಿತ್ತನೆಯ ಕಾಲದಲ್ಲಿ ಅಶ್ವಿನಿಗೆ ರಜೆ ಎಂಬುದಿಲ್ಲ. ದಿನಾ ಊರೂರು ಸುತ್ತಿ ಯಾವ ಹೊಲದಲ್ಲಿ ಬಿತ್ತಲು ಕೂರಿಗೆ ಹೂಡಿದ್ದಾರೆ, ಮಣ್ಣಿನ ಹದ ಹೇಗಿದೆ ಎಂದು ನೋಡಿ ಬರೆದುಕೊಳ್ಳುವುದು, ಆಫೀಸಿಗೆ ಬಂದು ಕಂಪ್ಯೂಟರಿಗೆ ತುಂಬುವುದು. ಸೋಮವಾರ ಮಾತ್ರ ಬೆಳಿಗ್ಗೆ ಮಲ್ಲಿಕಾರ್ಜುನನ ಗುಡಿಗೆ ಹೋಗಿ, ಹಣೆಗೆ ವಿಭೂತಿ ಧರಿಸಿ ಆಮೇಲೆ ಹೊರಡುತ್ತಿದ್ದಳು. ಆ ದಿನ ಅವಳು ಇನ್ನಷ್ಟು ಚೆಂದ ಕಾಣುತ್ತಾಳೆ ಎಂಬುದು ಚನ್ನೇಶನ ಗುಟ್ಟಾದ ಅಭಿಪ್ರಾಯ.

ಪ್ರೀತಿ ಯಾವಾಗ ಹುಟ್ಟಿತು? ಕೇಳಿದರೆ ಇಬ್ಬರೂ ಬೇರೆ ಬೇರೆ ದಿನ ಹೇಳುತ್ತಾರೆ. ಅಶ್ವಿನಿಯ ಮಟ್ಟಿಗೆ ಅದು ಕರೆಂಟು ಹೋದ ಒಂದು ಮಧ್ಯಾಹ್ನ.

ಏಪ್ರಿಲ್ ತಿಂಗಳ ಧಗೆ. ಫ್ಯಾನು ನಿಂತಿತು, ಎ.ಸಿ. ನಿಂತಿತು, ಬ್ಯಾಟರಿ ಕೀಂ ಕೀಂ ಎಂದು ಬಡಿದುಕೊಳ್ಳತೊಡಗಿತು. ಕೆಲಸವೆಲ್ಲ ಅಳಿಸಿಹೋದೀತೆಂಬ ಗಾಬರಿಯಲ್ಲಿ ಚನ್ನೇಶ್ ಒಂದು ರಟ್ಟು ಹಿಡಿದು ಕಂಪ್ಯೂಟರಿಗೆ ಗಾಳಿ ಹಾಕುತ್ತಾ, ಅವಳಿಗೆ ಬೇಗ ಬೇಗ ಎನ್ನುತ್ತಿದ್ದ. ಅವಳು ಕೊನೆಯ ಗುಂಡಿ ಒತ್ತಿ, ಮುಗೀತು ಎಂದಳು. ಆದರೂ ಗಾಳಿ ನಿಲ್ಲಲಿಲ್ಲ. ತಿರುಗಿ ನೋಡಿದರೆ... ರಟ್ಟು ಅವಳ ಕಡೆ ತಿರುಗಿತ್ತು. ಬೆವರಿದ ಅವಳ ಕುತ್ತಿಗೆಗೆ ಗಾಳಿ ಹಾಕುತ್ತಿದ್ದ, ತಾನು ಏನು ಮಾಡುತ್ತಿದ್ದೇನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಇಬ್ಬರ ಕಣ್ಣೂ ಸೇರಿದವು. ಅವನು ರಟ್ಟನ್ನು ಮೇಜಿನ ಮೇಲಿಟ್ಟು, ಟೀ ತರುತ್ತೇನೆಂದು ಕೆಳಗಿಳಿದು ಓಡಿದ. ಟೀ ತರುವುದನ್ನು ಮರೆತೇ ವಾಪಸು ಬಂದ.

ಆಮೇಲಾಮೇಲೆ 'ನೀವು' ಹೋಗಿ 'ನೀನು' ಬಂತು, ಅವನ ಕಡೆಯಿಂದ ಮಾತ್ರ. ದೂರದ ಹಳ್ಳಿಯಿದ್ದರೆ ತನ್ನ ಲೂನಾದಲ್ಲಿ ಬಿಟ್ಟು ಬರುತ್ತಿದ್ದ. ಊರು ಕಾಣುವ ಮೊದಲೇ ಅವಳು ಇಳಿದುಬಿಡುತ್ತಿದ್ದಳು. ಎರಡು ಮಳೆಗಾಲ ಹೀಗೆ ಕಳೆದವು. ತೊಂಬತ್ತೆಂಟರ ಬೇಸಿಗೆಯಲ್ಲಿ ಒಂದು ದಿನ, ಅವಳು ಇಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಅವನು ಎಲ್ಲೋ ನೋಡುತ್ತಾ ಹೇಳಿದ.

"ಈ ಮಳೆಗಾಲ ಮುಗೀಲಿ. ನಮ್ಮ ಕೆಲಸ ಸರಿ ಬಂತು ಅಂದ್ರೆ, ನಿಮ್ಮ ಅಪ್ಪನ ಹತ್ರ ಒಂದು ಮಾತು ಕೇಳೋದಿದೆ."

"ಏನು ಮಾತ್ರಿ, ಹದದ ಬಗ್ಗೆನಾ?" ಎಂದು ಅವಳು ಏನೂ ಗೊತ್ತಿಲ್ಲದವಳಂತೆ ನಡೆದಳು. ಆ ದಿನ ಅವಳಿಗೆ ಊಟ ಸೇರಲಿಲ್ಲ.

ಮೇ ತಿಂಗಳ ಕೊನೆಗೆ ಯೋಜನೆಯ ದೊಡ್ಡ ಸಾಹೇಬರು ದೂರದ ನಗರದಿಂದ ಬಂದರು. ಎರಡು ವರ್ಷ ಕಲಿತ ಕಂಪ್ಯೂಟರಿಗೆ ಅದು ಪರೀಕ್ಷೆಯ ಕಾಲ. ಈ ಸಲ ಅದು ಹೇಳುವ ದಿನವನ್ನು ರೈತರಿಗೆ ತಿಳಿಸುವುದೆಂದು ತೀರ್ಮಾನವಾಗಿತ್ತು.

ಪ್ರಿಂಟರು ಕಿರ್ರೆಂದು ಕಿರುಚುತ್ತಾ ಉದ್ದನೆಯ ಕಾಗದ ಹೊರಗೆ ಬಿಟ್ಟಿತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದರು. ಬಿತ್ತಬಹುದಾದ ದಿನಗಳಿಗೆಲ್ಲ ಉದ್ದುದ್ದ ಗೆರೆ. ಆದರೆ ನಡುನಡುವೆ ಹಲ್ಲು ಬಿದ್ದ ಬಾಚಣಿಗೆಯಂತೆ ಖಾಲಿ. ಮಳೆ ಎಷ್ಟೇ ಬೀಳಲಿ, ಹದ ಎಷ್ಟೇ ಇರಲಿ, ವಾರಕ್ಕೊಂದು ದಿನ ಕಂಪ್ಯೂಟರ್ ಬಿತ್ತಲೇಬೇಡಿ ಎನ್ನುತ್ತಿತ್ತು!

ಸಾಹೇಬರು ಹಳೆಯ ಅಂಕಿಗಳನ್ನು ತೆಗೆಸಿದರು. ಎರಡು ವರ್ಷವೂ, ಎಲ್ಲ ಊರುಗಳಲ್ಲೂ, ವಾರದ ಅದೇ ದಿನಕ್ಕೆ ಸೊನ್ನೆ. ಅವರಿಗೆ ಅನುಮಾನವೇ ಉಳಿಯಲಿಲ್ಲ. ನಿಮ್ಮ ಹುಡುಗಿ ವಾರಕ್ಕೊಂದು ದಿನ ಮನೆಯಲ್ಲಿ ಕೂತು ಸೊನ್ನೆ ಬರೆದಿದ್ದಾಳೆ, ಇವಳ ಅಂಕಿಗಳನ್ನು ತೆಗೆದುಹಾಕಿ, ಇವಳನ್ನೂ ತೆಗೆದುಹಾಕಿ ಎಂದು ಹೇಳಿ ಲಾಡ್ಜಿಗೆ ಹೊರಟುಹೋದರು.

ಚನ್ನೇಶ್ ಕಾಗದ ನೋಡಿದ. ಖಾಲಿ ಇದ್ದದ್ದು ಸೋಮವಾರಗಳು.

ಸೋಮವಾರ... ಮಲ್ಲಿಕಾರ್ಜುನನ ಗುಡಿ... ಹಣೆಯ ವಿಭೂತಿ! ಹಾಗಾದರೆ ಇವಳು ಗುಡಿಯಿಂದ ನೇರ ಮನೆಗೆ ಹೋಗುತ್ತಿದ್ದಳೇ?

ನಿಮಗೆ ಆಗಲೇ ಹೊಳೆದಿರಬಹುದು. ಎತ್ತು ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಇದು ಯಾರೂ ಹೇಳಿಕೊಡುವ ವಿಷಯವೇ ಅಲ್ಲ. ಆದರೆ ಚನ್ನೇಶ್ ಬೆಳೆದದ್ದು ಬಟ್ಟೆಯ ಥಾನುಗಳ ನಡುವೆ, ಆಮೇಲೆ ಹಾಸ್ಟೆಲ್ಲಿನ ಮಂಚಗಳ ನಡುವೆ. ಸೋಮವಾರ ಎಂದರೆ ಅವನಿಗೆ ಗುಡಿ ನೆನಪಾಯಿತು, ಎತ್ತು ನೆನಪಾಗಲಿಲ್ಲ. ಇನ್ನು ಸಾಹೇಬರು ಈ ಸೀಮೆಯವರೇ ಅಲ್ಲ.

ಅಶ್ವಿನಿ ಬಂದಾಗ ಅವನು ಕುರ್ಚಿಯಿಂದ ಏಳಲೂ ಇಲ್ಲ.

"ದಿನಾ ಊರಿಗೆ ಹೋಗ್ತಿದ್ದೆ ತಾನೇ?"

"ಹೌದ್ರಿ. ಯಾಕೆ?"

"ಒಂದು ದಿನಾನೂ ತಪ್ಪಿಸಿಲ್ವಾ?"

ಅವನ ದನಿ ಕೇಳಿ ಅವಳಿಗೆ ಗಾಬರಿಯಾಯಿತು. "ಜ್ವರ ಬಂದಾಗ್ಲೂ ಹೋಗೀನಿ. ಏನಾತು ಹೇಳ್ರಿ."

"ವಾರಕ್ಕೊಂದು ದಿನ ಬರೀ ಸೊನ್ನೆ ಬರೆದಿದೀಯಲ್ಲ. ನೀನು ಹೋಗೇ ಇಲ್ಲ, ಅಶ್ವಿನಿ. ಕಂಪ್ಯೂಟರಿಗೆ ಸುಳ್ಳು ಹೇಳಕ್ಕೆ ಬರಲ್ಲ."

ಕಂಪ್ಯೂಟರಿಗೆ ಬರುವುದಿಲ್ಲ... ಅಂದರೆ ತನಗೆ ಬರುತ್ತದೆ. ಅವಳ ಕಣ್ಣು ತುಂಬಿ ಬಂದವು. ಯಾವ ದಿನ, ಯಾವ ವಾರ ಎಂದು ಒಂದು ಮಾತು ಕೇಳಿದ್ದರೆ ಅಲ್ಲೇ ಮುಗಿದುಹೋಗುತ್ತಿತ್ತು! ಆದರೆ ಮನಸ್ಸಿಗೆ ಪೆಟ್ಟಾದವರು ಲೆಕ್ಕ ಕೇಳುತ್ತಾ ನಿಲ್ಲುತ್ತಾರೆಯೇ?

"ನೀವು ಹಂಗೆ ತಿಳ್ಕೊಂಡಿದ್ರೆ ನಾ ಏನು ಹೇಳ್ಲಿ," ಎಂದಷ್ಟೇ ಹೇಳಿ ಅವಳು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ತೊಗರ್ಸಿಯವರೆಗೂ ಅತ್ತಳು.

ಮನೆಯಲ್ಲಿ ತಲೆನೋವು ಎಂದಳು. ರಾಜೇಶ್ವರಮ್ಮ ಲವಂಗ ತೇಯ್ದು ಹಣೆಗೆ ಹಚ್ಚಿದರು. ಎರಡು ದಿನವಾದರೂ ಮಗಳು ಆಫೀಸಿನ ಮಾತೆತ್ತದಿದ್ದಾಗ, ಇದು ಲವಂಗಕ್ಕೆ ಬಗ್ಗುವ ನೋವಲ್ಲ ಎಂದು ಅವರಿಗೆ ಗೊತ್ತಾಯಿತು. ಗೊತ್ತಾದರೂ ಕೆದಕಲಿಲ್ಲ. ಅಕ್ಕಿ ರೊಟ್ಟಿಗೆ ಬೆಣ್ಣೆ ಸ್ವಲ್ಪ ಹೆಚ್ಚೇ ಹಾಕಿಕೊಟ್ಟು ಸುಮ್ಮನಾದರು.

ಅಶ್ವಿನಿಗೆ ಕೆಲಸ ಹೋದ ದುಃಖವಲ್ಲ. ಕಂಡವರು ಕಳ್ಳಿ ಎಂದಿದ್ದರೂ ತಡೆದುಕೊಳ್ಳುತ್ತಿದ್ದಳು. ಅವನು ಅಂದನಲ್ಲ... ಎರಡು ವರ್ಷ ಪಕ್ಕದಲ್ಲೇ ಕೂತು ನೋಡಿದವನು, ಒಂದು ಕಾಗದ ನೋಡಿ ಅಂದನಲ್ಲ!

ಭಾನುವಾರ ಹದವಾದ ಮಳೆ ಬಿತ್ತು. ಸೋಮವಾರ ಬೆಳಿಗ್ಗೆ ಮೋಡ ಚದುರಿ ಬಿಸಿಲು ಬಂತು. ಹೊಲದ ಮಣ್ಣು ಹಿಡಿದರೆ ಉಂಡೆಯಾಗಿ, ಬಿಟ್ಟರೆ ಉದುರುತ್ತಿತ್ತು. ಬಿತ್ತಲು ಇದಕ್ಕಿಂತ ಒಳ್ಳೆಯ ಹದ ಸಿಗುವುದಿಲ್ಲ. ಇವತ್ತು ಯಾವ ವಾರವೆಂಬ ಪರಿವೆಯೇ ಇಲ್ಲದ ಅಶ್ವಿನಿ ಕೊಟ್ಟಿಗೆಗೆ ಬಂದರೆ ಮಹೇಶ್ವರಪ್ಪ ನಿಧಾನವಾಗಿ ಎತ್ತುಗಳ ಮೈ ತೊಳೆಯುತ್ತಿದ್ದರು.

"ಅಪ್ಪಾ, ಎಂಥಾ ಹದ ಬಂದೈತಿ! ಇವತ್ತೇ ಕೂರಿಗೆ ಹೂಡಬಾರ್ದಾ? ಹಿಂಗೇ ಬಿಸ್ಲು ಬಿದ್ರೆ ನಾಳೆಗೆ ಆರಿ ಹೋಗುತ್ತೆ."

ಅಪ್ಪ ಅವಳನ್ನು ವಿಚಿತ್ರವಾಗಿ ನೋಡಿದರು. "ಇವತ್ತು ಸೋಮವಾರ ಅಲ್ಲೇನವ್ವ? ಬಸವಣ್ಣನ ಹೆಗಲಿಗೆ ನೊಗ ಇಡಂಗಿಲ್ಲ. ನಾಳೆ ಹೊತ್ತು ಮೂಡೋದ್ರಾಗೆ ಹೂಡ್ತೀನಿ ಬಿಡು."

ಅಶ್ವಿನಿ ಕಂಬ ಹಿಡಿದು ನಿಂತಳು.

ಸೋಮವಾರ! ವಾರಕ್ಕೊಂದು ದಿನ! ಯಾವ ಊರಲ್ಲೂ, ಯಾವ ಹೊಲದಲ್ಲೂ ಕೂರಿಗೆ ಇಲ್ಲ... ಸೊನ್ನೆ!

ಪ್ರತಿ ಸೋಮವಾರವೂ ಅವಳು ಹೋಗಿದ್ದಳು. ಖಾಲಿ ಹೊಲಗಳನ್ನು ನೋಡಿ ಪ್ರಾಮಾಣಿಕವಾಗಿ ಸೊನ್ನೆ ಬರೆದಿದ್ದಳು. ಯಾಕೆ ಸೊನ್ನೆ ಎಂದು ಬರೆಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಸೋಮವಾರ ಎತ್ತು ಹೂಡುವುದಿಲ್ಲ ಎಂಬುದನ್ನೂ ಬರೆಯುತ್ತಾರೆಯೇ? ಅದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ? ಹೇಳದೆ ಹೋದರೂ ಆ ಕಂಪ್ಯೂಟರ್ ತಾನಾಗಿಯೇ ಅದನ್ನೂ ಕಲಿತು ಕೂತಿತ್ತು!

ಅವಳು ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಏನಾಯಿತು ಇವಳಿಗೆ ಎಂದು ಅಪ್ಪ ತೊಳೆಯುವುದನ್ನು ನಿಲ್ಲಿಸಿ ನೋಡಿದರು.

ಒಳಗೆ ಹೋಗಿ ಸೀರೆ ಬದಲಾಯಿಸಿ, ಮರೆತೇಹೋಗಿದ್ದ ಸೋಮವಾರದ ವಿಭೂತಿ ಧರಿಸಿದಳು. ಹನ್ನೊಂದರ ಬಸ್ಸಿಗೆ ಹೋಗಿ ಅವನ ಮುಂದೆ ನಿಂತು ಹೇಳಬೇಕು. ಅವನ ಮುಖ ಹೇಗಾಗುತ್ತದೋ ನೋಡಬೇಕು. ಅಂಗಳದವರೆಗೂ ಬಂದವಳ ಕಾಲು ಅಲ್ಲೇ ನಿಂತವು.

ಹೇಳಿದರೆ ನಂಬುತ್ತಾನೆ. ಆದರೆ ಅವನು ನಂಬುವುದು ಈ ಕಾರಣವನ್ನು, ನನ್ನನ್ನಲ್ಲ. ನಾಳೆ ಇನ್ನೇನೋ ಒಂದು ಸೊನ್ನೆ ಕಂಡರೆ? ಆಗಲೂ ಕಾರಣ ತೋರಿಸಬೇಕು. ಜೀವನವೆಲ್ಲ ಹೀಗೆ ಕಾರಣ ತೋರಿಸುತ್ತಾ ಬಾಳುವುದಕ್ಕಾಗುತ್ತದೆಯೇ?

ಅವಳು ಜಗಲಿಯ ಮೇಲೆ ಕೂತುಬಿಟ್ಟಳು. ಅಪ್ಪನಂಥ ಎಷ್ಟೋ ಜನರ ಬಿತ್ತನೆ ಆ ಅಂಕಿಗಳ ಮೇಲಿದೆ, ಅದು ಹಾಳಾಗಬಾರದು. ನಾಳೆ ಹೋಗಿ ಸಾಹೇಬರಿಗೆ ಹೇಳಿ ಬರುವುದು. ಅವನ ಮುಂದೆ ಮಾತ್ರ ನಿಲ್ಲುವುದಿಲ್ಲ. ಮನಸ್ಸು ಹೀಗೆ ಗಟ್ಟಿ ಮಾಡಿಕೊಂಡಳು. ಮಾಡಿಕೊಂಡಷ್ಟೂ ಎದೆ ಭಾರವಾಯಿತು.

ಮಧ್ಯಾಹ್ನ ಲೂನಾದ ಸದ್ದು ಕೇಳಿಸಿತು.

ಊರ ಹೊರಗೇ ನಿಲ್ಲುತ್ತಿದ್ದ ಲೂನಾ ಮೊದಲ ಸಲ ಮನೆಯ ಮುಂದೆ ಬಂದು ನಿಂತಿತ್ತು. ಚನ್ನೇಶನ ಪ್ಯಾಂಟು ಮೊಣಕಾಲಿನವರೆಗೂ ಕೆಸರು. ಗಡ್ಡ ಬಿಟ್ಟಿದ್ದ, ಕಣ್ಣು ಬಾಡಿದ್ದವು. ಅಶ್ವಿನಿಯ ಜೀವ ಒಂದು ಕ್ಷಣ ಅವನ ಕಡೆ ಹರಿಯಿತು. ಮರುಕ್ಷಣವೇ ಒಳಗೇನೋ ತಣ್ಣಗಾಯಿತು.

ಇವತ್ತು ಸೋಮವಾರ. ಬರುವ ದಾರಿಯುದ್ದಕ್ಕೂ ಖಾಲಿ ಹೊಲ ನೋಡಿಕೊಂಡೇ ಬಂದಿರುತ್ತಾನೆ. ಯಾರನ್ನೋ ಕೇಳಿ ಕಾರಣ ತಿಳಿದಿರುತ್ತಾನೆ. ತಿಳಿದ ಮೇಲೆ ಕ್ಷಮೆ ಕೇಳಲು ಬಂದಿದ್ದಾನೆ, ಅಷ್ಟೇ.

ಅವನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಕಾರಣ ಗೊತ್ತಾಗಿ ಬಂದ್ರಾ?"

"ಯಾವ ಕಾರಣ?"

"ಆ ಸೊನ್ನೆಗಳಿಗೆ."

ಅವನು ತಲೆ ತಗ್ಗಿಸಿದ. "ಇಲ್ಲ ಮಾರಾಯ್ತಿ. ಈಗಲೂ ಗೊತ್ತಿಲ್ಲ. ಕೂತು ಕೂತು ನೋಡಿದೆ, ಸೋಮವಾರ ಎಲ್ಲ ಸೊನ್ನೇನೇ. ನನ್ನ ತಲೆಗೆ ಎಂತದೂ ಹೊಳೀಲಿಲ್ಲ."

"ಮತ್ತೆ ಯಾಕೆ ಬಂದ್ರಿ?"

"ನೀನು 'ಹೋಗೀನಿ' ಅಂದಿದ್ದೆ. ನನಗೆ ಅಷ್ಟು ಸಾಕಾಗ್ಬೇಕಿತ್ತು." "ಸಾಹೇಬ್ರಿಗೆ ಬೆಳಿಗ್ಗೆ ಹೇಳಿ ಬಂದೆ. ಅವಳ ಒಂದು ಅಂಕಿನೂ ನಾನು ಅಳಿಸಲ್ಲ, ಬೇಕಾದ್ರೆ ನನ್ನೇ ಕೆಲಸದಿಂದ ತೆಗೀರಿ ಅಂದೆ. ನಾಳೆ ಕಂಪ್ಯೂಟರ್ ವಾಪಸ್ ತಗೊಂಡು ಹೋಗ್ತಾರಂತೆ. ಹೋಗ್ಲಿ. ಕಾರಣ ಗೊತ್ತಾದ ಮೇಲೆ ಬರಬಹುದಿತ್ತು... ಅಲ್ಲಿ ತನಕ ಕಾಯಕ್ಕೆ ನನ್ನ ಕೈಲಿ ಆಗ್ಲಿಲ್ಲ."

ಅಶ್ವಿನಿಯ ಕಣ್ಣು ತುಂಬಿದವು. ಅವನು ಗೊತ್ತಿಲ್ಲದೆ ಬಂದಿದ್ದ... ಕೈಯಲ್ಲಿ ಯಾವ ಕಾಗದವೂ ಇಲ್ಲದೆ, ಬರೀ ಅವಳ ಮಾತನ್ನು ಹಿಡಿದುಕೊಂಡು ಬಂದಿದ್ದ!

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬರ್ರಿ ಇಲ್ಲಿ ಎಂದು ಅವನನ್ನು ಕೊಟ್ಟಿಗೆಯ ಹತ್ತಿರ ಕರೆದೊಯ್ದಳು. ಮೈ ತೊಳೆಸಿಕೊಂಡ ಎತ್ತುಗಳು ಆರಾಮವಾಗಿ ಮೆಲುಕು ಹಾಕುತ್ತಾ ಮಲಗಿದ್ದವು. ಕೂರಿಗೆ ಗೋಡೆಗೆ ಒರಗಿತ್ತು.

"ಹೊಲದಾಗೆ ಬಂಗಾರದಂಥ ಹದ ಐತಿ. ನಮ್ಮ ಅಪ್ಪ ಯಾಕೆ ಬಿತ್ತಕ್ಕೆ ಹೋಗಿಲ್ಲ, ಹೇಳ್ರಿ ನೋಡನ?"

ಚನ್ನೇಶ್ ಎತ್ತುಗಳನ್ನು ನೋಡಿದ. ಕೂರಿಗೆಯನ್ನು ನೋಡಿದ. ಅವಳ ಹಣೆಯ ವಿಭೂತಿಯನ್ನು ನೋಡಿದ. ಆನವಟ್ಟಿಯ ಅಂಗಡಿಗೆ ಸೋಮವಾರವೇ ಹೆಚ್ಚು ರೈತರು ಬಟ್ಟೆ ಕೊಳ್ಳಲು ಬರುತ್ತಿದ್ದುದು ನೆನಪಾಯಿತು. ಅವತ್ತೇ ಯಾಕೆ ಬರುತ್ತಾರೆಂದು ಅವನು ಒಂದು ದಿನವೂ ಕೇಳಿರಲಿಲ್ಲ.

"ಅಯ್ಯೋ ಶಿವನೇ," ಎಂದು ಅವನು ಕೊಟ್ಟಿಗೆಯ ಹೊಸಿಲ ಮೇಲೇ ಕುಸಿದು ಕೂತ.

ಅವಳು ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ಅವನು ಹಣೆ ಚಚ್ಚಿಕೊಳ್ಳುತ್ತಾ ಕೇಳಿದ. ಅವಳು ಆ ಸೊನ್ನೆಗಳನ್ನು ಬರೆಯದೇ ಹೋಗಿದ್ದರೆ, ಕಂಪ್ಯೂಟರ್ ಹದ ನೋಡಿ ಸೋಮವಾರವೇ ಬಿತ್ತಿ ಎನ್ನುತ್ತಿತ್ತು, ಒಂದೇ ಸಲಕ್ಕೆ ರೈತರು ನಕ್ಕು ಆಫೀಸಿನ ಕಡೆ ಬೆನ್ನು ಹಾಕುತ್ತಿದ್ದರು ಎಂಬುದು ಅವನಿಗೆ ಆಗ ಹೊಳೆಯಿತು. ಮೊದಲಾದರೆ ಹದ ನಾಲ್ಕಾರು ದಿನ ನಿಲ್ಲುತ್ತಿತ್ತು, ಒಂದು ಸೋಮವಾರ ಹೋದರೆ ನಷ್ಟವಿರಲಿಲ್ಲ. ಈಗ ಮಳೆಯ ದಾರಿಯೇ ಬದಲಾಗಿದೆ. ಹದ ಬಂದದ್ದೇ ಆರಿಹೋಗುತ್ತದೆ. ಹಾಗಿರುವಾಗ ಸೋಮವಾರದ ಮುಂಚೆಯೇ, ಭಾನುವಾರ ಮುಗಿಸಿಕೊಳ್ಳಿ ಎಂದು ಎಚ್ಚರಿಸುವುದನ್ನು ಅದಕ್ಕೆ ಕಲಿಸಬಹುದು. ಅವನು ಎದ್ದುನಿಂತು, ಈಗಲೇ ಸಾಹೇಬರ ಹತ್ತಿರ ಹೋಗಿ ಹೇಳೋಣ ಎಂದು ಹೊರಟೇಬಿಟ್ಟ.

ಎರಡು ಹೆಜ್ಜೆ ಹೋದವನು ತಿರುಗಿ ಬಂದ.

"ಅದು ಆಮೇಲೆ," ಎಂದ. "ಮೊದಲು ನೀನು ಹೇಳು. ನಾನು ಹಂಗೆ ಅಂದಿದ್ದನ್ನ... ಮರೆಯೋಕಾಗುತ್ತಾ?"

ಅಶ್ವಿನಿ ಎತ್ತಿನ ಕೋಡು ಸವರುತ್ತಾ ನಿಂತಳು. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಮರೆಯಕ್ಕೆ ಆಗಲ್ರಿ. ಭಾಳ ನೋವಾಗೈತಿ. ಆದ್ರೆ ಇವತ್ತು ನೀವು ಬಂದದ್ದನ್ನೂ ಮರೆಯಲ್ಲ."

ಅವನ ಕಣ್ಣಂಚು ಒದ್ದೆಯಾಯಿತು. ಒಳಗಿನಿಂದ ರಾಜೇಶ್ವರಮ್ಮ, ಯಾರವ್ವ ಬಂದಿರೋದು, ಒಳಗೆ ಕರಿ, ರೊಟ್ಟಿ ಬಿಸಿ ಇದಾವೆ ಎಂದು ಕೂಗಿದರು. ಮಹೇಶ್ವರಪ್ಪ ಆಗಲೇ ಜಗಲಿಗೆ ಬಂದು ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ, ಅಂಗಳದ ಲೂನಾವನ್ನೂ ಮಗಳ ಮುಖವನ್ನೂ ನೋಡುತ್ತಾ ನಿಂತಿದ್ದರು.

ಚನ್ನೇಶ್ ಮೆಲ್ಲಗೆ ಕೇಳಿದ. "ಮಳೆಗಾಲ ಮುಗಿಯೋ ತನಕ ನನಗೆ ತಡೆಯಕ್ಕಾಗಲ್ಲ. ನಿಮ್ಮ ಅಪ್ಪನ್ನ ಈಗಲೇ ಕೇಳ್ಲಾ?"

"ಕೇಳ್ರಿ. ನಾ ಬಾಗಿಲ ಹಿಂದೆ ನಿಂತಿರ್ತೀನಿ."

"ಅವರು ನಿನ್ನ ಕರೆದು ಕೇಳಿದ್ರೆ?"

ಅವಳು ತಲೆ ಎತ್ತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ನನ್ನ ಮಾತು ನಂಬೋರು ಬಂದಾರಪ್ಪಾ, ಒಪ್ಕೋ ಅಂತೀನಿ."